ತಾತನ ಬೀರು, ಒಂದು ಪೇಪರ್ ಕಟಿಂಗ್ ಮತ್ತು ಚಳಿಜ್ವರದೊಳಗಿನ ಎಲೆ

ಬಹಳ ದಿನಗಳ ನಂತರ ಬರೀತಾ ಇದ್ದೀನಿ. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್, ಮನೆಯಲ್ಲಿ ಅಂಗಡಿ ಖಾಲಿ ಮಾಡುವ ಗಲಾಟೆ. ಹೌದು, ಮಾಮೂಲ್‌ಪೇಟೆಯ ನಮ್ಮ ಅಂಗಡಿಯನ್ನು ಕೊನೆಗೂ ಬಿಟ್ಟುಕೊಟ್ಟೆವು. ಸೋಪು, ಪೇಸ್ಟು, ಪೌಡರು, ತಲೆಗೆ ಹಚ್ಚೋ ಎಣ್ಣೆ, ಇಷ್ಟೇ ನಮ್ಮ ಸಗಟು ವ್ಯಾಪಾರ. ತಾತ ಕಟ್ಟಿದ್ದು, ಅಪ್ಪ ನಡೆಸಿದ್ದು, ನಾನು ಇಂಜಿನಿಯರಿಂಗ್ ಓದಿ ಕೈಬಿಟ್ಟಿದ್ದು :-)

ಕೊನೆಯ ದಿನ ಕಬ್ಬಿಣದ ಬೀರು ಸಾಗಿಸುವಾಗ ಅದರ ಬಾಗಿಲ ಒಳಗಡೆ, ಲಕ್ಷ್ಮಿ ಪಟದ ಕೆಳಗೆ, ಒಂದು ಪೇಪರ್ ಕಟಿಂಗ್ ಕಾಣಿಸಿತು. ಅಂಟು ಹಳದಿ ತಿರುಗಿದೆ, ಅಕ್ಷರ ಮಾಸಿದೆ. 2001ನೇ ಇಸವಿಯ ಸುದ್ದಿ. ಸೋಪು, ಟೂತ್‌ಪೇಸ್ಟುಗಳಲ್ಲಿ ಹಾಕುವ ಟ್ರೈಕ್ಲೋಸಾನ್ ಅನ್ನೋ ವಸ್ತು ಮಲೇರಿಯಾ ರೋಗಾಣುವನ್ನು ಕೊಲ್ಲುತ್ತೆ ಅಂತ ಬೆಂಗಳೂರಿನ ವಿಜ್ಞಾನಿಗಳು ತೋರಿಸಿದ್ದರ ಬಗ್ಗೆ. ಅಂಟಿಸಿದ್ದು ತಾತ. ಆಗ ನನಗೆ ನಾಲ್ಕೋ ಐದೋ ವರ್ಷ. ಅಂಗಡಿಗೆ ಬಂದವರಿಗೆಲ್ಲ "ನೋಡಿ ಸ್ವಾಮಿ, ನಾವು ಮಾರೋ ಪೇಸ್ಟಲ್ಲೇ ಇತ್ತಂತೆ ಔಷಧಿ" ಅಂತ ಅದನ್ನು ತೋರಿಸುತ್ತಿದ್ದದ್ದು ಮಸುಕಾಗಿ ನೆನಪಿದೆ.

"ಅದನ್ನ ಕಿತ್ತು ಬಿಸಾಕೋ. ಅದೆಲ್ಲ ಆಮೇಲೆ ಸುಳ್ಳು ಅಂತ ಆಯ್ತಂತೆ" ಅಂದರು ಅಪ್ಪ. ಕೀಳೋಕೆ ಮನಸ್ಸು ಬರಲಿಲ್ಲ. ನಿಜವಾಗಲೂ ಸುಳ್ಳಾಯ್ತಾ? ತಾತ ಅಷ್ಟು ವರ್ಷ ಒಂದು ಸುಳ್ಳನ್ನ ಲಕ್ಷ್ಮಿ ಪಟದ ಕೆಳಗೆ ಇಟ್ಟುಕೊಂಡಿದ್ದರಾ? ಆ ಪ್ರಶ್ನೆ ಹಿಡಿದು ಒಂದು ತಿಂಗಳು ರಾತ್ರಿ ಓದಿದ್ದರ ಫಲ ಈ ಬರಹ. ನಾನು ಬಯಾಲಜಿ ಬಿಟ್ಟಿದ್ದು ಹತ್ತನೇ ಕ್ಲಾಸಿಗೇ. ಬಲ್ಲವರು ತಪ್ಪಿದ್ದರೆ ತಿದ್ದಿ.

ಮೊದಲು ತಾತನಿಗೆ ಆ ಸುದ್ದಿ ಯಾಕೆ ಅಷ್ಟು ಮುಖ್ಯವಾಗಿತ್ತು ಅಂತ ಹೇಳಬೇಕು. ನಮ್ಮವರದು ಮಂಡ್ಯದ ಕಡೆ ಒಂದು ಹಳ್ಳಿ. 1930ರ ದಶಕದ ಮೊದಲ ವರ್ಷಗಳಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ಆ ಕಡೆ ಹರಿಯಿತು. ರಾಗಿ ಬೆಳೆಯುತ್ತಿದ್ದ ಒಣ ನೆಲದಲ್ಲಿ ಭತ್ತ, ಕಬ್ಬು ಬಂತು. ಅದರ ಜೊತೆಗೇ ಚಳಿಜ್ವರವೂ ಬಂತು. ನಾಲೆಯಿಂದ ಜಿನುಗಿ ನಿಂತ ನೀರು, ಗದ್ದೆ, ಕಾಲುವೆ, ಎಲ್ಲ ಕಡೆ ಅನಾಫಿಲಿಸ್ ಸೊಳ್ಳೆ. ತಾತನ ಅಕ್ಕ ಆರು ವರ್ಷದ ಹುಡುಗಿ. ದಿನ ಬಿಟ್ಟು ದಿನ ನಡುಕ, ಆಮೇಲೆ ಮೈ ಸುಡೋ ಜ್ವರ, ಆಮೇಲೆ ಬೆವರು. ಹೊಟ್ಟೆಯ ಎಡಗಡೆ ಜ್ವರಗಡ್ಡೆ ಕಟ್ಟಿಕೊಂಡು ಹೋಗಿಬಿಟ್ಟಳಂತೆ. ಮುತ್ತಾತ ಜಮೀನನ್ನು ಅಣ್ಣನಿಗೆ ಬಿಟ್ಟು ಬೆಂಗಳೂರಿಗೆ ಬಂದು ಮಾಮೂಲ್‌ಪೇಟೆಯ ಒಂದು ಅಂಗಡಿಯಲ್ಲಿ ಗುಮಾಸ್ತರಾದರು. "ನಾಲೆ ಬಂದು ಎಲ್ಲಾರ ಹೊಲ ಹಸಿರಾಯ್ತು, ನಮ್ಮ ಮನೆ ಒಣಗಿತು" ಅನ್ನೋರು ತಾತ. ಅವರಿಗೆ ಅಕ್ಕನ ಮುಖ ನೆನಪಿರಲಿಲ್ಲ. ಹೆಸರಷ್ಟೇ ಗೊತ್ತಿತ್ತು.

ಈ ಜ್ವರದ ಚರಿತ್ರೆಯಲ್ಲಿ ನಮ್ಮ ಬೆಂಗಳೂರು ಎರಡು ಸಲ ಬರುತ್ತೆ. ಮೊದಲನೆಯ ಸಲ ರೊನಾಲ್ಡ್ ರಾಸ್ ಕಾಲದಲ್ಲಿ.

1880ರಲ್ಲಿ ಆಲ್ಜೀರಿಯಾದಲ್ಲಿ ಲಾವೆರಾನ್ ಅನ್ನೋ ಫ್ರೆಂಚ್ ಸೈನ್ಯದ ವೈದ್ಯ, ಜ್ವರ ಬಂದವರ ರಕ್ತದಲ್ಲಿ ಓಡಾಡುವ ಒಂದು ಏಕಕೋಶ ಜೀವಿಯನ್ನು ಕಂಡುಹಿಡಿದ. ಅದು ಬ್ಯಾಕ್ಟೀರಿಯಾ ಅಲ್ಲ. ನಮ್ಮ ಜೀವಕೋಶಗಳ ಹಾಗೇ ಅದಕ್ಕೂ ಕೋಶಕೇಂದ್ರ ಇದೆ. ಅದೇ ಪ್ಲಾಸ್ಮೋಡಿಯಂ. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಹೋಗುತ್ತೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. 1883ರಲ್ಲಿ ಬೆಂಗಳೂರು ದಂಡಿನಲ್ಲಿ ಯುವ ವೈದ್ಯನಾಗಿದ್ದ ರಾಸ್‌ಗೆ ತನ್ನ ಬಂಗಲೆಯಲ್ಲಿ ಸೊಳ್ಳೆ ಕಾಟ ವಿಪರೀತ. ಹುಡುಕಿದಾಗ ಹತ್ತಿರ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳಗಳು ಕಂಡವು. ತೊಟ್ಟಿ ಬರಿದು ಮಾಡಿದ, ಸೊಳ್ಳೆ ಕಡಿಮೆಯಾಯಿತು. ಎಲ್ಲ ಕಡೆ ಹೀಗೇ ಮಾಡೋಣ ಅಂದಾಗ ಅಲ್ಲಿನ ಅಧಿಕಾರಿ ಒಪ್ಪಲಿಲ್ಲವಂತೆ! ಸೊಳ್ಳೆಗೂ ಮಲೇರಿಯಾಗೂ ನಂಟು ಇದೆ ಅಂತ ಆಗ ಅವನಿಗೂ ಗೊತ್ತಿಲ್ಲ.

1895ರಲ್ಲಿ ಕಾಲರಾ ಹಾವಳಿ ತಡೆಯೋಕೆ ಅವನನ್ನು ಮತ್ತೆ ಬೆಂಗಳೂರಿಗೆ ಕಳಿಸಿದರು. ಅಷ್ಟರಲ್ಲಿ ಅವನ ತಲೆ ತುಂಬ ಸೊಳ್ಳೆಯೇ ಇತ್ತು, ಆದರೆ ದಿನವೆಲ್ಲ ಚರಂಡಿ, ಬಾವಿಗಳ ಕೆಲಸ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತ ಕುಡಿದ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರೋಗಾಣು ಬೆಳೆಯುತ್ತಿರುವುದನ್ನು ಕಂಡ. ಮರುವರ್ಷ ಕಲ್ಕತ್ತಾದಲ್ಲಿ ಹಕ್ಕಿಗಳ ಮಲೇರಿಯಾ ಇಟ್ಟುಕೊಂಡು ಇಡೀ ಚಕ್ರ ಪೂರ್ತಿ ಮಾಡಿದ. 1902ರಲ್ಲಿ ನೊಬೆಲ್ ಬಂತು. ಅಂದರೆ ಈ ಜೀವಿಗೆ ಎರಡು ಮನೆ: ಒಂದು ನಾವು, ಒಂದು ಸೊಳ್ಳೆ. ಈ ಎರಡು ಮನೆ ವಿಷಯ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಆಮೇಲಿನ ಕಥೆ ಸೊಳ್ಳೆಯ ಮೇಲಿನ ಯುದ್ಧ. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನ ರಾಕ್‌ಫೆಲ್ಲರ್ ಪ್ರತಿಷ್ಠಾನದ ಜೊತೆ ಸೇರಿ ನಾಗೇನಹಳ್ಳಿ, ಮೂಡಿಗೆರೆ, ಹಿರಿಯೂರುಗಳಲ್ಲಿ ಮಲೇರಿಯಾ ಅಧ್ಯಯನ ಶುರು ಮಾಡಿತು. ಮಕ್ಕಳ ಹೊಟ್ಟೆ ಮುಟ್ಟಿ ಎಷ್ಟು ಜನಕ್ಕೆ ಜ್ವರಗಡ್ಡೆ ಇದೆ ಅಂತ ಲೆಕ್ಕ ಹಾಕೋದು ಆಗಿನ ಸರ್ವೆ ವಿಧಾನ. ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದವರೂ ಈ ಕೆಲಸದಲ್ಲಿದ್ದ ಡಾ. ಬಿ. ಎ. ರಾವ್. ನಾಲೆ ಬಯಲಿಗೂ ಈ ಕೆಲಸ ಬಂತು, ನಮ್ಮ ಮನೆಯ ಮಟ್ಟಿಗೆ ತಡವಾಗಿ. ಸ್ವಾತಂತ್ರ್ಯ ಬಂದ ಮೇಲೆ ಡಿಡಿಟಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ಅದೇ 'ನಿರ್ಮೂಲನ' ಕಾರ್ಯಕ್ರಮ ಆಯ್ತು. ಪಂಪು ಹೊತ್ತು ಬಂದು ಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದವರ ನೆನಪು ನಿಮ್ಮ ಮನೆ ಹಿರಿಯರಿಗೂ ಇರಬೇಕು. 1960ರ ದಶಕದ ಮೊದಲಲ್ಲಿ ಜ್ವರ ಹೋಗೇಬಿಟ್ಟಿತು ಅನ್ನುವಷ್ಟು ಇಳಿಯಿತು. ಸೊಳ್ಳೆ ಡಿಡಿಟಿಗೆ ಜಗ್ಗದಂತಾಯಿತು, ರೋಗಾಣು ಕ್ಲೋರೋಕ್ವಿನ್‌ಗೆ ಜಗ್ಗದಂತಾಗತೊಡಗಿತು, ಉಸ್ತುವಾರಿ ಸಡಿಲವಾಯಿತು. 1976ರಲ್ಲಿ ದೇಶದಲ್ಲಿ 64 ಲಕ್ಷಕ್ಕೂ ಹೆಚ್ಚು ಪ್ರಕರಣ! ನಮ್ಮಲ್ಲೇ 1990ರ ದಶಕದಲ್ಲಿ ಕಟ್ಟಡಗಳು ಏಳುತ್ತಿದ್ದ ಮಂಗಳೂರಿನಲ್ಲಿ ಮಲೇರಿಯಾ ನೆಲೆಯೂರಿತು.

ಹಾಗಾಗಿ ಸೊಳ್ಳೆ ಬಿಟ್ಟು ರೋಗಾಣುವಿನ ಒಳಗೇ ಕೈ ಹಾಕಬೇಕಿತ್ತು. ತೊಂದರೆ ಏನಂದ್ರೆ, ಪ್ಲಾಸ್ಮೋಡಿಯಂ ಕೋಶಕೇಂದ್ರ ಇರುವ ಜೀವಿ, ಅಂದರೆ ದೂರದ ಲೆಕ್ಕದಲ್ಲಿ ನಮ್ಮದೇ ಬಳಗ. ಬ್ಯಾಕ್ಟೀರಿಯಾದ ಯಂತ್ರಗಳು ನಮ್ಮ ಯಂತ್ರಗಳಿಗಿಂತ ಬೇರೆ, ಆದ್ದರಿಂದ ಆಂಟಿಬಯಾಟಿಕ್ ಅದನ್ನು ಮಾತ್ರ ಹೊಡೆಯುತ್ತೆ. ಇದರಲ್ಲಿ ಹಾಗಲ್ಲ. ಇದಕ್ಕೆ ವಿಷ ಆಗೋದು ಬಹಳ ಸಲ ನಮಗೂ ವಿಷ. ಇದರಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದು ಯಾವುದು ಅಂತ ಹುಡುಕಬೇಕು.

ಅಂಥದ್ದೊಂದು ಕಣ್ಣೆದುರಿಗೇ ಇತ್ತು. 1970ರ ದಶಕದಿಂದಲೇ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮಲೇರಿಯಾ ರೋಗಾಣುವಿನ ಪುಟ್ಟ ಉಂಗುರದಂಥ ಡಿಎನ್‌ಎ ಕಾಣುತ್ತಿತ್ತು. ಮೈಟೋಕಾಂಡ್ರಿಯಾದ್ದೇ ಇರಬೇಕು ಅಂತ ಎಲ್ಲ ಅಂದುಕೊಂಡಿದ್ದರು. ಆಮೇಲೆ ನೋಡಿದರೆ ಮೈಟೋಕಾಂಡ್ರಿಯಾದ ಡಿಎನ್‌ಎ ಬೇರೆಯೇ ಇದೆ, ಬರೀ 6 ಸಾವಿರ ಅಕ್ಷರದ್ದು. ಹಾಗಾದರೆ 35 ಸಾವಿರ ಅಕ್ಷರದ ಈ ಉಂಗುರ ಯಾರದು? ಲಂಡನ್ನಿನ ಇಯಾನ್ ವಿಲ್ಸನ್ ತಂಡ 1996ರಲ್ಲಿ ಅದನ್ನು ಪೂರ್ತಿ ಓದಿ ಮುಗಿಸಿತು. ಅದರಲ್ಲಿದ್ದ ಜೀನ್‌ಗಳು ಗಿಡಗಳ ಹರಿತ್ಕಣದ, ಅಂದರೆ ಕ್ಲೋರೋಪ್ಲಾಸ್ಟಿನ ಜೀನ್‌ಗಳ ಹಾಗಿದ್ದವು! ಎಲೆಯನ್ನು ಹಸಿರು ಮಾಡಿ, ಬಿಸಿಲಿನಿಂದ ಅಡುಗೆ ಮಾಡುವ ಅದೇ ಕ್ಲೋರೋಪ್ಲಾಸ್ಟ್. ಅದೇ ವರ್ಷ ಆಸ್ಟ್ರೇಲಿಯಾದ ಜೆಫ್ ಮ್ಯಾಕ್‌ಫಾಡನ್ ಮತ್ತಿತರರು, ಈ ಡಿಎನ್‌ಎ ಇರೋದು ಒಂದು ಪುಟ್ಟ ಅಂಗದೊಳಗೆ ಅಂತ ತೋರಿಸಿದರು. ಅದಕ್ಕೆ ಅಪಿಕೋಪ್ಲಾಸ್ಟ್ ಅಂತ ಹೆಸರು.

ರಕ್ತದಲ್ಲಿ, ಕತ್ತಲಲ್ಲಿ ಬದುಕೋ ರೋಗಾಣುವಿಗೆ ಎಲೆ ಎಲ್ಲಿಂದ ಬಂತು?

ಕಥೆ ಹೀಗೆ. ಎಷ್ಟೋ ಕೋಟಿ ವರ್ಷಗಳ ಹಿಂದೆ ಒಂದು ಏಕಕೋಶ ಜೀವಿ ನೀಲಿಹಸಿರು ಬ್ಯಾಕ್ಟೀರಿಯಾವನ್ನು ನುಂಗಿ, ಅರಗಿಸದೆ ಒಳಗೇ ಇಟ್ಟುಕೊಂಡಿತು. ಅದು ಕ್ಲೋರೋಪ್ಲಾಸ್ಟ್ ಆಯ್ತು. ಅದರ ಸಂತತಿಯಲ್ಲಿ ಕೆಂಪು ಪಾಚಿಯೂ ಒಂದು. ಆ ಕೆಂಪು ಪಾಚಿಯನ್ನು ಇನ್ನೊಂದು ಏಕಕೋಶ ಜೀವಿ ನುಂಗಿ, ಅದನ್ನೂ ಒಳಗೇ ಇಟ್ಟುಕೊಂಡಿತು. ಹೀಗೆ ನುಂಗಿದ್ದರ ಗುರುತು ಇನ್ನೂ ಇದೆ, ಅಪಿಕೋಪ್ಲಾಸ್ಟಿನ ಸುತ್ತ ನಾಲ್ಕು ಪೊರೆ. ಈ ವಂಶದ ಕೆಲವರು ಮುಂದೆ ಬೇರೆ ಪ್ರಾಣಿಗಳ ಒಳಗೆ ಬದುಕೋಕೆ ಕಲಿತರು. ಬಿಸಿಲಿಲ್ಲದ ಕಡೆ ಪತ್ರಹರಿತ್ತು ಯಾಕೆ? ಅದು ಹೋಯಿತು. 2008ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಹಾರ್ಬರ್‌ನ ಹವಳಗಳಲ್ಲಿ ಸಿಕ್ಕಿದ ಕ್ರೋಮೆರಾ ಅನ್ನೋ ಜೀವಿಯ ಬಗ್ಗೆ ಪ್ರಕಟವಾಯಿತು. ಮಲೇರಿಯಾ ರೋಗಾಣುವಿನ ದಾಯಾದಿ, ಆದರೆ ಇವತ್ತಿಗೂ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತೆ! ಒಂದು ಕವಲು ಹವಳದ ಜೊತೆ ಬಿಸಿಲಲ್ಲೇ ಉಳಿಯಿತು, ಇನ್ನೊಂದು ನಮ್ಮ ಮನೆಯ ಆರು ವರ್ಷದ ಹುಡುಗಿಯ ರಕ್ತಕ್ಕೆ ಬಂತು.

ಬಿಸಿಲ ಕೆಲಸ ನಿಂತ ಮೇಲೂ ಎಲೆಯನ್ನು ಯಾಕೆ ಇಟ್ಟುಕೊಂಡಿದೆ? ನಮ್ಮ ಅಂಗಡಿಯ ಹಿಂದಿನ ಗೋಡೌನ್ ಒಂದು ಕಾಲದಲ್ಲಿ ಯಾರದೋ ಮನೆಯ ಅಡುಗೆಮನೆ. ಒಲೆ ಇಲ್ಲ, ಹೊಗೆಗೂಡು ಹಾಗೇ ಇದೆ. ಅದನ್ನು ಮುಚ್ಚಿಸಲು ಹೋದಾಗ ತಾತ ಬೇಡ ಅಂದಿದ್ದರು, ಗಾಳಿಯಾಡೋದು ಅದೊಂದರಿಂದಲೇ. ನಮ್ಮ ಆಫೀಸಿನಲ್ಲೂ ಇಂಥ ಲೆಗಸಿ ಮಾಡ್ಯೂಲ್‌ಗಳಿವೆ. ಬರೆದ ಕಾರಣ ಹೋಗಿ ವರ್ಷಗಳಾಗಿರುತ್ತೆ, ಡಿಲೀಟ್ ಮಾಡಿದರೆ ಮಾತ್ರ ಇನ್ನೆಲ್ಲೋ ಏನೋ ಬೀಳುತ್ತೆ :-) ಅಪಿಕೋಪ್ಲಾಸ್ಟ್ ಕೂಡ ಹಾಗೇ ಅಂತ ಬೇಗ ಗೊತ್ತಾಯ್ತು. ಅದಕ್ಕೆ ಏಟು ಬಿದ್ದರೆ ರೋಗಾಣು ಉಳಿಯೋದಿಲ್ಲ. ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯಾಟಿಕ್ ಮಲೇರಿಯಾಗೆ ಕೆಲಸ ಮಾಡೋದೂ ಇದರಿಂದಲೇ, ಯಾಕಂದ್ರೆ ಈ ಎಲೆಯ ಯಂತ್ರಗಳೆಲ್ಲ ಮೂಲದಲ್ಲಿ ಬ್ಯಾಕ್ಟೀರಿಯಾದವು. ಹಾಗಾದರೆ ಈ ಹೊಗೆಗೂಡಿನಿಂದ ರೋಗಾಣುವಿಗೆ ಆಗುವ ಉಪಯೋಗ ಏನು?

ಇಲ್ಲಿ ಬೆಂಗಳೂರು ಎರಡನೆಯ ಸಲ ಬರುತ್ತೆ. ಮಲ್ಲೇಶ್ವರ ದಾಟಿದರೆ ಸಿಗುವ, ತಾತನ ಬಾಯಲ್ಲಿ ಕೊನೆಯವರೆಗೂ 'ಟಾಟಾ ಇನ್‌ಸ್ಟಿಟ್ಯೂಟ್' ಆಗಿಯೇ ಇದ್ದ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ ಜಿ. ಪದ್ಮನಾಭನ್ ಮತ್ತು ನಮಿತಾ ಸುರೋಲಿಯಾ 1992ರಲ್ಲಿ ಒಂದು ವಿಚಿತ್ರ ಕಂಡರು. ರಕ್ತ ಕೆಂಪಾಗಿರೋದು ಹೀಮ್ ಅನ್ನೋ ಕಬ್ಬಿಣ ಇರುವ ಅಣುವಿನಿಂದ. ರೋಗಾಣು ಕೂತಿರೋದೇ ಹೀಮ್ ಕಣಜದಲ್ಲಿ. ಹಿಮೋಗ್ಲೋಬಿನ್ ತಿಂದು, ಹೆಚ್ಚಾದ ಹೀಮ್ ವಿಷವಾಗದಂತೆ ಹರಳು ಕಟ್ಟಿ ಮೂಲೆಗೆ ತಳ್ಳುತ್ತೆ. ಆ ಹರಳು ಕಟ್ಟದಂತೆ ತಡೆಯೋದೇ ಕ್ಲೋರೋಕ್ವಿನ್ ಕೆಲಸ. ಇಷ್ಟೆಲ್ಲ ಇದ್ದೂ ಆ ಜೀವಿ ತನ್ನ ಹೀಮ್ ತಾನೇ ಮಾಡಿಕೊಳ್ಳುತ್ತಿತ್ತು! ಅನ್ನದ ಉಗ್ರಾಣದಲ್ಲಿ ಕೂತು ಬೇರೆ ಒಲೆ ಹೊತ್ತಿಸಿದ ಹಾಗೆ. ಆ ಅಡುಗೆಯ ಕೆಲವು ಹಂತ ನಡೆಯೋದು ಅಪಿಕೋಪ್ಲಾಸ್ಟಿನಲ್ಲಿ ಅಂತ ಮುಂದೆ ತಿಳಿಯಿತು.

ಆಮೇಲೆ ಬಂದಿದ್ದು ತಾತನ ಕಟಿಂಗ್. ಗಿಡಗಳ, ಬ್ಯಾಕ್ಟೀರಿಯಾಗಳ ಥರದ ಕೊಬ್ಬಿನಾಮ್ಲ ತಯಾರಿಕೆ ಅಪಿಕೋಪ್ಲಾಸ್ಟಿನಲ್ಲಿದೆ ಅಂತ 1998ರಲ್ಲಿ ಗೊತ್ತಾಗಿತ್ತು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿದ್ದ ನಮಿತಾ ಸುರೋಲಿಯಾ ಮತ್ತು ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ, ಆ ತಯಾರಿಕೆಯ ಒಂದು ಕಿಣ್ವವನ್ನು ಟ್ರೈಕ್ಲೋಸಾನ್ ತಡೆಯುತ್ತೆ, ಲ್ಯಾಬಿನಲ್ಲಿ ಬೆಳೆಸಿದ ರೋಗಾಣು ಸಾಯುತ್ತೆ, ಮಲೇರಿಯಾ ಬಂದ ಇಲಿಗಳು ಗುಣವಾಗುತ್ತವೆ ಅಂತ 2001ರ ಫೆಬ್ರವರಿಯಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎಪ್ಪತ್ತು ವರ್ಷ ಹಿಂದೆ ಅಕ್ಕನನ್ನು ಕೊಂದ ಜ್ವರಕ್ಕೆ, ತಾನು ಪೆಟ್ಟಿಗೆಗಟ್ಟಲೆ ಮಾರುವ ಸರಕಿನಲ್ಲಿ ಮದ್ದು. ಅದೂ ನಮ್ಮೂರಿನಲ್ಲೇ ಸಿಕ್ಕಿದ್ದು. ತಾತ ಲಕ್ಷ್ಮಿ ಪಟದ ಕೆಳಗೆ ಅಂಟಿಸಿದ್ದರಲ್ಲಿ ಆಶ್ಚರ್ಯ ಏನಿದೆ!

ಮುಂದಿನ ವರ್ಷ, 2002ರ ಅಕ್ಟೋಬರಿನಲ್ಲಿ, ಪ್ಲಾಸ್ಮೋಡಿಯಂ ಫಾಲ್ಸಿಪಾರಂನ ಇಡೀ ಜೀನೋಮ್ ಪ್ರಕಟವಾಯಿತು. 14 ಕ್ರೋಮೋಸೋಮು, ಸುಮಾರು 2.3 ಕೋಟಿ ಅಕ್ಷರ, ಸುಮಾರು 5,300 ಜೀನ್. ಪ್ಲಾಸ್ಮೋಡಿಬಿ ಅನ್ನೋ ತಾಣದಲ್ಲಿ ಅದು ಇದೆ. ನಾನೂ ಇಳಿಸಿಕೊಂಡೆ. ಬಿಚ್ಚಿದರೆ ಬರೀ 23 ಎಂಬಿಯ ಟೆಕ್ಸ್ಟ್ ಫೈಲ್! ಹತ್ತು ಸಾಲಿನ ಪ್ರೋಗ್ರಾಂ ಬರೆದು ಎಣಿಸಿದೆ. ನಾಲ್ಕು ಅಕ್ಷರಗಳಲ್ಲಿ ಎ ಮತ್ತು ಟಿ ಎರಡೇ ಸೇರಿ ನೂರಕ್ಕೆ 80. ಪರದೆ ತುಂಬ ಅವೆರಡೇ ಕುಣಿಯುತ್ತವೆ. ಅಪಿಕೋಪ್ಲಾಸ್ಟಿನ ಉಂಗುರ 35 ಕೆಬಿ, ನನ್ನ ಪಾಸ್‌ಪೋರ್ಟ್ ಫೋಟೋಗಿಂತ ಚಿಕ್ಕದು. ಮೂಲದ ಪಾಚಿಯ ಜೀನ್‌ಗಳಲ್ಲಿ ಎಷ್ಟೋ ಕಳೆದುಹೋಗಿವೆ, ಉಳಿದವು ಹೆಚ್ಚಿನವು ಕೋಶಕೇಂದ್ರಕ್ಕೆ ವಲಸೆ ಬಂದಿವೆ. ಎಲೆಯಲ್ಲಿ ಕೆಲಸ ಮಾಡೋ ಸುಮಾರು 500 ಪ್ರೊಟೀನುಗಳ ಬರಹ ಈಗ ಕೋಶಕೇಂದ್ರದಲ್ಲಿದೆ ಅಂತ ಅಂದಾಜು. ಪ್ರತಿ ಪ್ರೊಟೀನಿನ ತುದಿಗೂ "ಅಪಿಕೋಪ್ಲಾಸ್ಟಿಗೆ ಕಳಿಸಿ" ಅನ್ನೋ ವಿಳಾಸದ ಚೀಟಿ. ರಾತ್ರಿ ಎರಡು ಗಂಟೆಗೆ ಆ ಫೈಲ್ ನೋಡ್ತಾ ಕೂತಾಗ ಒಂಥರಾ ಆಯ್ತು. ತಾತನ ಅಕ್ಕನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅಂಥ ಜ್ವರ ತರೋ ಜೀವಿಯ ಅಕ್ಷರ ಅಕ್ಷರವೂ ನನ್ನ ಲ್ಯಾಪ್‌ಟಾಪಿನಲ್ಲಿದೆ.

ಈಗ ಅಪ್ಪನ ಮಾತಿಗೆ ಬರೋಣ. ಸುಳ್ಳಾಯ್ತಾ?

2008ರಲ್ಲಿ ಬೇರೆ ತಂಡವೊಂದು ಆ ಕಿಣ್ವದ ಜೀನನ್ನೇ ರೋಗಾಣುವಿನಿಂದ ತೆಗೆದುಹಾಕಿತು. ರಕ್ತದಲ್ಲಿ ಅದು ಆರಾಮಾಗಿ ಬೆಳೆಯಿತು! ಅಂದರೆ ರಕ್ತದ ಹಂತದಲ್ಲಿ ಆ ಕೊಬ್ಬಿನ ಕಾರ್ಖಾನೆ ಅದಕ್ಕೆ ಬೇಕಾಗೇ ಇರಲಿಲ್ಲ. ಟ್ರೈಕ್ಲೋಸಾನ್ ರೋಗಾಣುವನ್ನು ಕೊಂದದ್ದು ನಿಜ, ಕೊಂದ ದಾರಿ ಬೇರೆ. ಕಾರ್ಖಾನೆ ಬೇಕಾಗೋದು ಸೊಳ್ಳೆ ಕಚ್ಚಿದ ಮೇಲೆ ಯಕೃತ್ತಿನಲ್ಲಿ ಸಾವಿರಾರು ಮರಿ ಮಾಡೋ ಹಂತದಲ್ಲಿ. 2011ರಲ್ಲಿ ಅಮೆರಿಕದ ಎಲೆನ್ ಯೇ ಮತ್ತು ಜೋಸೆಫ್ ಡಿರಿಸಿ, ರಕ್ತದ ಹಂತದಲ್ಲಿ ರೋಗಾಣುವಿಗೆ ಈ ಎಲೆಯಿಂದ ತಪ್ಪದೆ ಬೇಕಾದದ್ದು ಐಸೋಪ್ರಿನಾಯ್ಡ್ ಅನ್ನೋ ಅಣುಗಳ ಕಚ್ಚಾವಸ್ತು ಒಂದೇ ಅಂತ ತೋರಿಸಿದರು. ಅದನ್ನು ಹೊರಗಿನಿಂದ ಕೊಟ್ಟರೆ, ಎಲೆಯನ್ನೇ ಕಳೆದುಕೊಂಡರೂ ಲ್ಯಾಬಿನಲ್ಲಿ ರೋಗಾಣು ಬದುಕುತ್ತೆ. ಹೊಗೆಗೂಡಿನ ಗಾಳಿ ಅಂದರೆ ಇದೇ.

ಹೀಮ್ ಕಥೆಯೂ ಹೀಗೇ ತಿರುಗಿತು. ತಿರುಗಿಸಿದವರು ಬೇರೆ ಯಾರೋ ಅಲ್ಲ. 1992ರಲ್ಲಿ ಹೀಮ್ ತಯಾರಿಕೆಯೇ ಔಷಧಿಗೆ ಒಳ್ಳೆಯ ಗುರಿ ಅಂದಿದ್ದ ಪದ್ಮನಾಭನ್ ಅವರ ತಂಡವೇ, 2013ರಲ್ಲಿ ಆ ಜೀನ್‌ಗಳನ್ನು ತೆಗೆದು ನೋಡಿ, ರಕ್ತದಲ್ಲಿದ್ದಾಗ ಇದಿಲ್ಲದೆಯೂ ನಡೆಯುತ್ತೆ ಅಂತ ಪ್ರಕಟಿಸಿತು. ಆದರೆ ಸೊಳ್ಳೆಯ ಒಳಗೆ ಮತ್ತು ಯಕೃತ್ತಿನಲ್ಲಿ ಅದಿಲ್ಲದೆ ಆಗೋದಿಲ್ಲ. ಎರಡು ಮನೆ ವಿಷಯ ನೆನಪಿಡಿ ಅಂದಿದ್ದೆನಲ್ಲ? ರಾಸ್ ಕಂಡಿದ್ದ ಆ ಸೊಳ್ಳೆಯ ಹೊಟ್ಟೆಗೋಡೆಯಲ್ಲಿ ಹೀಮ್ ಕಣಜ ಇಲ್ಲ. ಅಲ್ಲಿ ಬೆಳೆಯಬೇಕಾದರೆ ರೋಗಾಣು ತನ್ನ ಒಲೆ ತಾನೇ ಹೊತ್ತಿಸಬೇಕು. ಉಗ್ರಾಣದಲ್ಲಿ ಕೂತು ಒಲೆ ಯಾಕೆ ಇಟ್ಟುಕೊಂಡಿದೆ ಅನ್ನೋದಕ್ಕೆ ಉತ್ತರ, ಅದು ಮುಂದಿನ ಊರಿಗೆ ಕಟ್ಟಿಕೊಂಡ ಬುತ್ತಿ.

ಹಾಗಾದರೆ ಟ್ರೈಕ್ಲೋಸಾನ್? 2016ರಲ್ಲಿ ಅಮೆರಿಕ ಅದನ್ನು ಕೈತೊಳೆಯುವ ಸೋಪುಗಳಿಂದ ತೆಗೆಸಿತು, ಬೇರೆ ಕಾರಣಗಳಿಗೆ. 2018ರಲ್ಲಿ ಇಂಗ್ಲೆಂಡಿನ ತಂಡವೊಂದು 'ಈವ್' ಅನ್ನೋ ರೋಬೋಟ್ ವಿಜ್ಞಾನಿಯ ನೆರವಿನಿಂದ, ಅದು ರೋಗಾಣುವಿನ ಇನ್ನೊಂದು ಕಿಣ್ವವನ್ನೂ ತಡೆಯುತ್ತೆ ಅಂತ ಕಂಡುಹಿಡಿಯಿತು. ಹಳೆಯ ಮಲೇರಿಯಾ ಔಷಧಿ ಪೈರಿಮೆಥಮೀನ್ ಹೊಡೆಯುವ ಅದೇ ಕಿಣ್ವ. ಅಂಗಡಿಯ ಪೇಸ್ಟು ಮಲೇರಿಯಾಗೆ ಮದ್ದಾಗಲಿಲ್ಲ, ನಿಜ. ಆದರೆ ರೋಗಾಣು ಸತ್ತಿದ್ದೂ, ಇಲಿಗಳು ಬದುಕಿದ್ದೂ ನಿಜವೇ.

ಅಪ್ಪನಿಗೆ ಇಷ್ಟನ್ನೂ ಹೇಳಿದೆ. ಕಾಫಿ ಆರೋವರೆಗೂ ಕೇಳಿ, "ಅಂದ್ರೆ ಬಾಣ ನಾಟಿದ್ದು ಹೌದು, ಎಲ್ಲಿ ನಾಟಿತು ಅನ್ನೋದು ತಪ್ಪಾಗಿತ್ತು" ಅಂದರು. ನಾನು ಎರಡು ಸಾವಿರ ಪದದಲ್ಲಿ ಹೇಳಿದ್ದನ್ನು ವ್ಯಾಪಾರಸ್ಥ ಒಂದು ಸಾಲಿನಲ್ಲಿ ಮುಗಿಸಿದ.

ನನ್ನನ್ನು ಹಿಡಿದಿಟ್ಟದ್ದು ಮಾತ್ರ ಬೇರೆ. ನಮ್ಮ ಕೆಲಸದಲ್ಲಿ ಬರೆದ ಕೋಡಿನಲ್ಲಿ ಬಗ್ ಇದೆ ಅಂದರೆ ಮುಖ ಸಪ್ಪೆ ಮಾಡಿಕೊಳ್ಳುತ್ತೇವೆ. ಇಲ್ಲಿ ಒಬ್ಬರು ಇಪ್ಪತ್ತೊಂದು ವರ್ಷ ಬಿಟ್ಟು ತಮ್ಮದೇ ಮಾತನ್ನು ತಾವೇ ಪರೀಕ್ಷೆಗೆ ಹಾಕಿ, ಅರ್ಧ ಬದಲಿಸಿ, ಹೆಸರು ಹಾಕಿ ಪ್ರಕಟಿಸಿದ್ದಾರೆ. ತಾತ ಅಂಟಿಸಿಕೊಳ್ಳಬೇಕಾದ ಇನ್ನೊಂದು ಸುದ್ದಿ ಅದಾಗಿತ್ತು. 2013ರಲ್ಲಿ ಅವರು ಇನ್ನೂ ಇದ್ದರು, ಅಂಗಡಿಗೂ ಬರುತ್ತಿದ್ದರು. ನಾನು ಆಗ ಪಿಯುಸಿ, ಸಿಇಟಿ ಅಂತ ಓಡಾಡಿಕೊಂಡಿದ್ದೆ. ಈ ಕಟಿಂಗ್ ಬಗ್ಗೆ ಒಂದು ದಿನವೂ ಕೂತು ಅವರನ್ನು ಕೇಳಲಿಲ್ಲ.

ಬೀರು ಈಗ ನಮ್ಮ ಮನೆಯ ವರಾಂಡದಲ್ಲಿದೆ. ಕಟಿಂಗ್ ಕಿತ್ತಿಲ್ಲ. ಅದರ ಕೆಳಗೆ ಒಂದು ಚೀಟಿ ಅಂಟಿಸಿ 2008, 2011, 2013, 2018 ಅಂತ ಒಂದೊಂದು ಸಾಲು ಬರೆದಿದ್ದೇನೆ. ಕೆಳಗೆ ಜಾಗ ಬಿಟ್ಟಿದ್ದೇನೆ. ಅಪ್ಪ ನೋಡಿ ಏನೂ ಅನ್ನದೆ, ಮೇಲುಗಡೆ ತಾತನ ಅಕ್ಕನ ಹೆಸರು ಬರೆದರು.

ನಿಮ್ಮ ಮನೆಗಳಲ್ಲೂ ಚಳಿಜ್ವರದ, ಜ್ವರಗಡ್ಡೆಯ, ಡಿಡಿಟಿ ಹೊಡೆಯೋರ ನೆನಪುಗಳಿದ್ದರೆ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ. ಇಲ್ಲಿ ಕೆಳಗೆ ಬರೆದರೂ ಸಂತೋಷ. ಮಂಡ್ಯ ಕಡೆಯವರು ಯಾರಾದರೂ ಇದ್ದರೆ ಇನ್ನೂ ಸಂತೋಷ.